ಮರಳಿನ ಮೇಲೆ ಪರೀಕ್ಷೆಯಾದ ಹಿಮಯಂತ್ರ

ಆ ಜೂನ್ ತಿಂಗಳ ಬೆಳಿಗ್ಗೆ ದುಬೈಯ ಅಲ್ ಕುಸೈಸಿನ ನಮ್ಮ ಗೋದಾಮಿನ ಅಂಗಳದಲ್ಲಿ ನಾವು ಮೂವರಿದ್ದೆವು. ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವವನು ನಾನು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಮೆಕ್ಯಾನಿಕ್ ಆಗಿದ್ದವರು ಮಂಗಳೂರು ಕಡೆಯ ಒಬ್ಬ ಹಿರಿಯರು. ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ, ಯಂತ್ರದ ಜೊತೆ ತುಳು. ನಮ್ಮೂರಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವಂತೆ ನಾನು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆ. ಮೂರನೆಯವನು ಜುಮೇರಾ ಲೇಕ್ ಟವರ್ಸಿನ ಆಫೀಸಿನಿಂದ ಬಂದ ಸೇಲ್ಸ್ ಮ್ಯಾನೇಜರ್. ಅವನೂ ನನ್ನಂತೆ ಉಡುಪಿ ಕಡೆಯವನೇ, ಹೇಳಿಕೊಳ್ಳಲು ನನಗೆ ನಾಚಿಕೆ.

ಅವನ ಬಗ್ಗೆ ನನಗೆ ಗೌರವ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನ್ನ ದೊಡ್ಡಮ್ಮ ಇಂಥವರಿಗೆ ಇಸ್ತ್ರಿ ಗಂಡಸು ಎನ್ನುತ್ತಿದ್ದರು. ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ, ತಲೆಯಲ್ಲೂ ಒಂದು ಸುಕ್ಕಿಲ್ಲ.

ನಮ್ಮ ಗಿರಾಕಿ ಅಬುಧಾಬಿಯ ಒಂದು ಹಿಮದ ಹಾಲ್. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು, ಒಳಗೆ ಮಕ್ಕಳು ಬಾಡಿಗೆ ಜಾಕೆಟ್ ಹಾಕಿಕೊಂಡು ಹಿಮದಲ್ಲಿ ಉರುಳಾಡುವುದು. ದೊಡ್ಡವರೂ ಉರುಳಾಡುತ್ತಾರೆ, ಅದನ್ನು ನೋಡಲಾಗುವುದಿಲ್ಲ. ದಿನವೂ ಹಿಮವೆಲ್ಲ ಗೋಡೆಯ ಅಂಚಿಗೆ ಹೋಗಿ ಸೇರುತ್ತದಂತೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅದನ್ನು ಎತ್ತಿ ನಡುವಿಗೆ ಎಸೆಯಬೇಕು. ಅವರಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು. ಅದರ ಹಿಂದೆ ಕಟ್ಟಲು ಹಿಮ ಎಸೆಯುವ ಯಂತ್ರ, ಸ್ನೋಬ್ಲೋವರ್, ನಾವು ಕೊಡಬೇಕಿತ್ತು. ಹೊಂದಿಸಿ ಕೊಡಿ ಎಂದು ಟ್ರ್ಯಾಕ್ಟರನ್ನೇ ಕಳಿಸಿದ್ದರು.

ಮ್ಯಾನೇಜರ್ ಕ್ಯಾಟಲಾಗ್ ನೋಡಿ ತರಿಸಿದ ಬ್ಲೋವರನ್ನು ಪೆಟ್ಟಿಗೆಯಿಂದ ಬಿಚ್ಚಿದೆವು. ಆರಡಿ ಅಗಲ. ಟ್ರ್ಯಾಕ್ಟರಿನ ಅಗಲ ನಾಲ್ಕಡಿ. ಮಗುವಿಗೆ ಅಪ್ಪನ ಕೋಟು ತೊಡಿಸಿದ ಹಾಗಿತ್ತು.

"ಟ್ರ್ಯಾಕ್ಟರ್ ಟ್ವೆಂಟಿಫೈವ್ ಹಾರ್ಸ್‌ಪವರ್, ಬ್ಲೋವರ್ ಟ್ವೆಂಟಿಫೈವ್ ಹಾರ್ಸ್‌ಪವರ್. ಪರ್ಫೆಕ್ಟ್ ಮ್ಯಾಚ್. ಯಲ್ಲಾ, ಫಿಟ್ ಮಾಡಿ," ಎಂದ ಮ್ಯಾನೇಜರ್.

ಪೊರ್ಬುಗಳು ಟೇಪು ಹಿಡಿದು ಎರಡು ಸುತ್ತು ಬಂದರು. "ಸರ್, ಈ ಇಪ್ಪತ್ತೈದು ಇಂಜಿನಿನದ್ದು. ಹಿಂದಿನ ಶಾಫ್ಟಿಗೆ ಬರುವಾಗ ಹತ್ತೊಂಬತ್ತು ಉಳಿದ್ರೆ ಪುಣ್ಯ. ಬ್ಲೋವರಿಗೆ ಶಾಫ್ಟಿನಲ್ಲೇ ಇಪ್ಪತ್ತೈದು ಬೇಕು."

"ಮತ್ತೆ ಆರು ಎಲ್ಲಿ ಹೋಯ್ತು?"

"ದಾರಿಯಲ್ಲಿ ಖರ್ಚು. ನಿಮ್ಮ ಆಫೀಸಿನಿಂದ ಒಂದು ಮಾತು ಹೊರಟ್ರೆ ಗೋದಾಮಿಗೆ ಪೂರ್ತಿ ಬರ್ತದಾ? ಹಾಗೇ."

ನಾನು ನಕ್ಕೆ. ಮ್ಯಾನೇಜರ್ ನಗಲಿಲ್ಲ.

"ನಾಲ್ಕೂವರೆ ಅಡಿಯದ್ದು ಸಾಕು ಸರ್. ಚಕ್ರದ ಅಂಚಿಗಿಂತ ನಾಲ್ಕು ನಾಲ್ಕು ಬೆರಳು ಹೊರಗೆ ಬಂದ್ರೆ ಆಯ್ತು, ಚಕ್ರ ಹೋಗುವ ದಾರಿ ಸ್ವಚ್ಛ ಆಗ್ತದೆ. ಈ ಆರಡಿಯದ್ದನ್ನು ಎತ್ತುವಾಗ ಮುಂದಿನ ಚಕ್ರ ಹಗುರ ಆಗ್ತದೆ, ಸ್ಟೇರಿಂಗ್ ಹಿಡಿತ ಸಿಗುದಿಲ್ಲ."

"ದೊಡ್ಡದು ತಗೊಂಡ್ರೆ ಬೇಗ ಕೆಲಸ ಮುಗೀತದೆ. ಕಾಮನ್ ಸೆನ್ಸ್," ಎಂದ ಮ್ಯಾನೇಜರ್. ಮತ್ತೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಸೆಪ್ಟೆಂಬರಿನಲ್ಲಿ ನಿಮ್ಮ ವೀಸಾ ರಿನ್ಯೂವಲ್ ಉಂಟಲ್ಲ? ಈ ಡೆಲಿವರಿ ಸರಿಯಾಗಿ ಹೋಗ್ಲಿ, ನಾನು ಸೈನ್ ಹಾಕ್ತೇನೆ," ಎಂದ.

ಪೊರ್ಬುಗಳ ಕೈಯ ಟೇಪು ತಾನಾಗಿ ಒಳಗೆ ಸರಿದುಕೊಂಡಿತು. ಅವರ ಒಬ್ಬಳೇ ಮಗಳು ಅಲ್ಲೇ ಹತ್ತಿರದ ಇಂಡಿಯನ್ ಶಾಲೆಯಲ್ಲಿ ಹತ್ತನೇ ತರಗತಿ. ಅಪ್ಪನ ವೀಸಾ ಹೋದರೆ ಮಗಳದ್ದೂ ಹೋಗುತ್ತದೆ. ಬೋರ್ಡ್ ಪರೀಕ್ಷೆಯ ವರ್ಷದ ನಡುವೆ ಮಗುವನ್ನು ಎತ್ತಿಕೊಂಡು ಊರಿಗೆ ಹೋದರೆ ಯಾವ ಶಾಲೆ ಬಾಗಿಲು ತೆರೆಯುತ್ತದೆ? ಇದು ಮ್ಯಾನೇಜರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಪೊರ್ಬುಗಳು ಬ್ಲೋವರನ್ನು ಕಟ್ಟಿದರು. ನಡುವಿನ ಶಾಫ್ಟನ್ನು ಅಳತೆಗೆ ಕತ್ತರಿಸಿದರು, ಪಿನ್ ಹಾಕಿದರು, ಗ್ರೀಸ್ ತುಂಬಿದರು. ಒಪ್ಪದ ಕೆಲಸವನ್ನೂ ಅವರು ಒಪ್ಪವಾಗಿಯೇ ಮಾಡುತ್ತಿದ್ದರು.

"ಈಗ ಟೆಸ್ಟ್," ಎಂದ ಮ್ಯಾನೇಜರ್.

"ಎಲ್ಲಿ ಸರ್? ಹಿಮ ಇರುದು ಅಬುಧಾಬಿಯಲ್ಲಿ."

ಅಂಗಳದ ಮೂಲೆಯಲ್ಲಿ ಪಕ್ಕದ ಕಟ್ಟಡದವರು ಬಿಟ್ಟುಹೋದ ಮರಳಿನ ರಾಶಿ ಇತ್ತು. ಮ್ಯಾನೇಜರ್ ಅದಕ್ಕೆ ಬೆರಳು ತೋರಿಸಿದ. "ಸೇಮ್ ಪ್ರಿನ್ಸಿಪಲ್. ಬಿಳಿ ಇಲ್ಲ, ಅಷ್ಟೇ."

ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ತರಹೇವಾರಿ ದಡ್ಡರನ್ನು ಕಂಡಿದ್ದೇನೆ. ಮರಳು ಬಿಸಿಯಾದ ಹಿಮ ಎಂದು ನಂಬಿದವನು ಇವನೊಬ್ಬನೇ. ಹಿಮ ಹತ್ತಿಯಂತೆ, ಮರಳು ಸಾಣೆಕಲ್ಲಿನ ಪುಡಿ. ಬೇರಿಂಗಿನೊಳಗೆ ಹೊಕ್ಕರೆ ಅಲ್ಲೇ ಕೂತು ತಿನ್ನುತ್ತದೆ. ಪೊರ್ಬುಗಳು ಇದನ್ನೇ ಹೇಳಿದರು. ಮ್ಯಾನೇಜರ್ ಕೇಳುವವನಂತೆ ಫೋನ್ ನೋಡುತ್ತಿದ್ದ. "ನೀವು ಓಡಿಸುದಿಲ್ಲ ಅಂದ್ರೆ ನಾನೇ ಓಡಿಸ್ತೇನೆ," ಎಂದು ಕೊನೆಗೆ ತಾನೇ ಏರಿ ಕೂತ.

ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟು ರಾಶಿಗೆ ನುಗ್ಗಿಸಿದ. ಎರಡು ಸೆಕೆಂಡು ಮರಳು ಕಾರಂಜಿಯಂತೆ ಎದ್ದು ಅವನ ತಲೆಯ ಮೇಲೆಯೇ ಬಿತ್ತು. ಟಕ್ ಎಂದಿತು, ಬ್ಲೋವರ್ ನಿಂತಿತು. ಶಾಫ್ಟಿನಲ್ಲಿ ಒಂದು ಮೆದು ಬೋಲ್ಟ್ ಇರುತ್ತದೆ. ಕಲ್ಲೋ ಕಬ್ಬಿಣವೋ ಸಿಕ್ಕಿಕೊಂಡರೆ ಯಂತ್ರ ಮುರಿಯುವ ಬದಲು ಆ ಬೋಲ್ಟ್ ಮುರಿಯಲಿ ಎಂದು. ಅದೇ ಮುರಿದದ್ದು. ಪೊರ್ಬುಗಳು ಹೊಸದು ಹಾಕಿದರು, ಮತ್ತೆ ಟಕ್. ಮೂರನೆಯದೂ ಹೋಯಿತು.

"ಎಂತ ದರಿದ್ರ ಬೋಲ್ಟ್ ಇದು! ಸ್ಟ್ರಾಂಗ್ ಇಲ್ವಾ ಸ್ಟೋರಿನಲ್ಲಿ?"

"ಅದು ಮುರೀಲಿಕ್ಕೇ ಇರುದು ಸರ್," ಎಂದರು ಪೊರ್ಬುಗಳು. "ಗಟ್ಟಿ ಹಾಕಿದ್ರೆ ಬೇರೆ ಎಂತಾದ್ರೂ ಮುರೀತದೆ. ನಾನು ಹಾಕುದಿಲ್ಲ."

"ನೀವು ಹೋಗಿ, ಚಾ ಕುಡೀರಿ."

ಪೊರ್ಬುಗಳು ಹೋದರು. ಮ್ಯಾನೇಜರ್ ಸ್ಟೋರಿನ ಕಿಟಕಿಗೆ ಬಂದು ನಿಂತ. ಗಟ್ಟಿ ಉಕ್ಕಿನ ಬೋಲ್ಟನ್ನು ಡಬ್ಬಿಯಿಂದ ತೆಗೆದು ಅವನ ಅಂಗೈಗೆ ಇಟ್ಟದ್ದು ಈ ನನ್ನ ಕೈ. ಕೊಡುವುದಿಲ್ಲ ಎನ್ನಬಹುದಿತ್ತು. ನನ್ನ ವೀಸಾವೂ ಅವನ ಸಹಿಯ ಕೆಳಗೇ ಇತ್ತು, ಸುಮ್ಮನೆ ಕೊಟ್ಟೆ. ಅವನನ್ನು ಬೈಯುವಾಗ ಆ ಡಬ್ಬಿಯ ಮುಚ್ಚಳ ತೆಗೆದವನನ್ನು ಬಿಟ್ಟು ಬೈಯಬಾರದು.

ಬಿಳಿ ಅಂಗಿಯ ತೋಳು ಮಡಚಿ ಅವನೇ ಸುತ್ತಿಗೆಯಿಂದ ಹೊಡೆದು ಬೋಲ್ಟ್ ಕೂರಿಸಿದ. ಮತ್ತೆ ಹಿಂದಕ್ಕೆ ನುಗ್ಗಿದ. ಮರಳಿನ ಹೊಟ್ಟೆಯಲ್ಲಿ ಒಂದು ಇಂಟರ್‌ಲಾಕ್ ಕಲ್ಲು ಇತ್ತು. ಬ್ಲೋವರ್ ಅದನ್ನು ಕಚ್ಚಿ ಹಿಡಿಯಿತು. ಬೋಲ್ಟ್ ಮುರಿಯಲಿಲ್ಲ. ಟ್ರ್ಯಾಕ್ಟರಿನ ಹೊಟ್ಟೆಯೊಳಗಿಂದ ಧಡ್ ಎಂದು ಒಂದು ಸದ್ದು ಬಂತು, ಆಮೇಲೆ ಎಣ್ಣೆ ಬಂತು. ಶಾಫ್ಟ್ ತಿರುಗಿಸುವ ಗೇರೇ ಹೋಗಿತ್ತು, ಅದೂ ಗಿರಾಕಿಯ ಟ್ರ್ಯಾಕ್ಟರಿನದ್ದು.

ಮ್ಯಾನೇಜರ್ ಕೆಳಗಿಳಿದು ಅಂಗಿ ಕೊಡವಿಕೊಂಡ. ಮೊದಲು ಅಂಗಿ. ಮರುದಿನ ಅವನ ಆಫೀಸಿನಿಂದ ಇಂಗ್ಲಿಷಿನಲ್ಲಿ ಒಂದು ವರದಿ ಬಂತು: ಮೆಕ್ಯಾನಿಕ್ ತಪ್ಪು ಬೋಲ್ಟ್ ಹಾಕಿದ್ದರಿಂದ ಹಾನಿಯಾಗಿದೆ. ಕೆಳಗೆ ಸಾಕ್ಷಿ ಎಂದು ನನ್ನ ಸಹಿಗೆ ಜಾಗ. ಎರಡು ದಿನ ಅದನ್ನು ಮೇಜಿನ ಖಾನೆಯಲ್ಲಿಟ್ಟೆ. ವರದಿಯ ಸುದ್ದಿ ಪೊರ್ಬುಗಳಿಗೂ ಗೊತ್ತಿತ್ತು. "ಮಗಳು ಗಣಿತದಲ್ಲಿ ಸ್ವಲ್ಪ ಹಿಂದೆ ಮಾರಾಯ್ರೆ, ಟ್ಯೂಷನ್ ಯಾರದ್ದು ಒಳ್ಳೇದು?" ಎಂದಷ್ಟೇ ಕೇಳಿದರು. ಅದಕ್ಕಿಂತ ನನ್ನ ಕಪಾಳಕ್ಕೆ ಹೊಡೆದಿದ್ದರೆ ಹಗುರವಾಗುತ್ತಿತ್ತು.

ಮೂರನೇ ದಿನ ಆ ಹಿಮದ ಹಾಲ್‌ನ ಯಂತ್ರಗಳ ಉಸ್ತುವಾರಿ ನೋಡುವ ಎಂಜಿನಿಯರ್ ಬಂದರು. ಮಲಯಾಳಿ ಹೆಂಗಸು, ಐವತ್ತರ ಸುಮಾರು, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಒಬ್ಬರೇ ಕಾರು ಓಡಿಸಿಕೊಂಡು ಬಂದಿದ್ದರು. ಕೂರಿ ಎಂದರೂ ಕೂರದೆ ನೇರ ಟ್ರ್ಯಾಕ್ಟರಿನ ಹಿಂದೆ ಬಗ್ಗಿ, ಬೋಲ್ಟನ್ನು ಬೆರಳಲ್ಲಿ ಮುಟ್ಟಿದರು. "ಇದನ್ನು ಹಾಕಿದ್ದು ಯಾರು?" ಎಂದು ಹಿಂದಿಯಲ್ಲಿ ಕೇಳಿದರು.

"ಮೆಕ್ಯಾನಿಕ್ ಮೇಡಂ. ರಿಪೋರ್ಟ್ ರೆಡಿ ಇದೆ," ಎಂದ ಮ್ಯಾನೇಜರ್.

"ಅಲ್ಲ ಮೇಡಂ," ಎಂದೆ. ಖಾನೆಯಲ್ಲಿದ್ದ ಆ ರಿಪೋರ್ಟಿಗೆ ನಾನಿನ್ನೂ ಸಹಿ ಹಾಕಿರಲಿಲ್ಲ. "ಇವರು ಕೇಳಿದ್ರು, ನಾನು ಕೊಟ್ಟೆ, ಇವರೇ ಹೊಡೆದು ಕೂರಿಸಿದ್ರು. ಮೆಕ್ಯಾನಿಕ್ ಬೇಡ ಅಂದಿದ್ರು. ಮರಳಿನಲ್ಲಿ ಓಡಿಸುದೂ ಬೇಡ ಅಂದಿದ್ರು."

"ಮರಳಿನಲ್ಲಿ?" ಎಂದರು ಅವರು.

"ಸೇಮ್ ಪ್ರಿನ್ಸಿಪಲ್ ಮೇಡಂ..." ಎಂದು ಮ್ಯಾನೇಜರ್ ಶುರು ಮಾಡಿದ.

ಆ ಹೆಂಗಸು ಅವನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಇಷ್ಟು ಸಾಲು ಬರೆದರೂ ಅದರ ಅರ್ಧ ತಿರಸ್ಕಾರ ಇದರಲ್ಲಿ ಬಂದಿಲ್ಲ. ಆಮೇಲೆ ಅವನ ಕಡೆ ತಿರುಗಲೇ ಇಲ್ಲ. ಪೊರ್ಬುಗಳನ್ನು ತಮ್ಮ ಮಲಯಾಳದಲ್ಲಿ ಅಣ್ಣ ಎಂದು ಕರೆದು ಕೇಳಿದರು: "ಚೇಟಾ, ಇದಕ್ಕೆ ಯಾವುದು ಸರಿ?"

ಪೊರ್ಬುಗಳು ಟೇಪು ಬಿಚ್ಚಿ ಚಕ್ರದಿಂದ ಚಕ್ರಕ್ಕೆ ಹಿಡಿದು ತೋರಿಸಿದರು. ನಾಲ್ಕೂವರೆ ಅಡಿ. ಇಷ್ಟು ತೂಕ. ಮೆದು ಬೋಲ್ಟ್, ಜೊತೆಗೆ ಹತ್ತು ಬದಲಿ. ಮೇಡಂ ಬರೆದುಕೊಂಡರು.

"ನಮ್ಮ ಗೇರನ್ನು ನೀವೇ ಸರಿಮಾಡಿ ಕೊಡಬೇಕು. ನಾಲ್ಕೂವರೆಯದ್ದು ತರಿಸಿ. ಕಟ್ಟಲಿಕ್ಕೆ, ಎರಡು ವರ್ಷದ ಸರ್ವಿಸಿಗೆ, ಈ ಚೇಟನೇ ಬರಬೇಕು. ಬೇರೆ ಯಾರಾದರೂ ಬಂದರೆ ಗೇಟಿನಿಂದಲೇ ವಾಪಸ್. ಕಾಂಟ್ರಾಕ್ಟಿನಲ್ಲಿ ಬರೆಯಿರಿ."

ಬರೆದರು. ಎರಡು ವರ್ಷ ಅವರೇ ಬರಬೇಕೆಂದ ಮೇಲೆ ಎರಡು ವರ್ಷದ ವೀಸಾ ಬೇಕೇ ಬೇಕಲ್ಲ. ರಿನ್ಯೂವಲ್ ಕಾಗದಕ್ಕೆ ಮ್ಯಾನೇಜರ್ ತಾನೇ ಸಹಿ ಹಾಕಿದ. ಹಳೆಯ ಸಿಬ್ಬಂದಿಯನ್ನು ತಾನು ಹೇಗೆ ಉಳಿಸಿಕೊಂಡೆ ಎಂದು ಮೀಟಿಂಗಿನಲ್ಲಿ ಹೇಳಿಕೊಂಡನಂತೆ. ನನ್ನನ್ನು ಅಬುಧಾಬಿ ಕಡೆಯ ಮುಸಫ್ಫಾದ ಗೋದಾಮಿಗೆ ಹಾಕಿದ. ಹೋಗಿ ಬರಲು ದಿನಕ್ಕೆ ಮೂರು ಗಂಟೆ, ಆದರೆ ಅವನ ಮುಖ ನೋಡುವ ಕೆಲಸವಿಲ್ಲ.

ಫೆಬ್ರವರಿಯಲ್ಲಿ ಹುಡುಗಿಯ ಪರೀಕ್ಷೆ ಶುರುವಾಯಿತು. ಗಣಿತದ ದಿನ ಪೊರ್ಬುಗಳು ಅಬುಧಾಬಿಗೆ ಸರ್ವಿಸಿಗೆ ಹೋಗಬೇಕಾಯಿತು. ನಾನು ರಜೆ ಹಾಕಿ ಅವಳನ್ನು ಶಾಲೆಯ ಗೇಟಿನವರೆಗೆ ಕಾರಿನಲ್ಲಿ ಬಿಟ್ಟೆ. "ಥ್ಯಾಂಕ್ಯೂ ಅಂಕಲ್, ಡೋಂಟ್ ವೇಟ್," ಎಂದು ಅವಳು ಒಳಗೆ ಹೋದಳು. ನಾನು ಎದುರಿನ ಕೆಫೆಟೇರಿಯಾದಲ್ಲಿ ಚಾ ಕುಡಿಯುತ್ತ ಪರೀಕ್ಷೆ ಮುಗಿಯುವವರೆಗೆ ಕೂತಿದ್ದೆ.