ಮೂರು ತೋಟ, ಹನ್ನೆರಡು ಸೀಟು, ಒಂದು ಮೂಗು

ಬೆಳಗಿನ ಐದೂಕಾಲು. ಶೆಡ್ಡಿನ ಒಂಟಿ ಟ್ಯೂಬ್‌ಲೈಟಿನ ಕೆಳಗೆ ಹನ್ನೆರಡು ಸೀಟಿನ ಬಿಳಿ ವ್ಯಾನ್ ಬಾಗಿಲುಗಳನ್ನೆಲ್ಲ ತೆರೆದುಕೊಂಡು ನಿಂತಿದೆ. ಒಳಗೆ, ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ ಮಂಡಿಯೂರಿ, ಐವತ್ತೊಂದು ವರ್ಷದ ಮಹಿಳೆಯೊಬ್ಬರು ನೆಲಹಾಸನ್ನು ಮೂಸುತ್ತಿದ್ದಾರೆ.

"ನಿನ್ನೆ ಯಾರೋ ವೈನ್ ಚೆಲ್ಲಿದಾರೆ," ಎನ್ನುತ್ತಾರೆ ತಲೆ ಎತ್ತದೆ. "ಕಣ್ಣಿಗೆ ಕಾಣಲ್ಲ. ಬಿಸಿಲೇರಿದ ಮೇಲೆ ವ್ಯಾನೆಲ್ಲ ಹುಳಿ ನಾತ. ಈಗ್ಲೇ ಹಿಡೀಬೇಕು."

ನಾಲ್ಕನೇ ಸಾಲಿನ ಎಡಗಡೆ ಸೀಟಿನ ಕಾಲಿನ ಬಳಿ ಮೂಗು ನಿಲ್ಲುತ್ತದೆ. ಅಲ್ಲಿ, ಹತ್ತಿರದಿಂದ ನೋಡಿದರಷ್ಟೇ ಕಾಣುವ, ಅಂಗೈಯಗಲದ ಕಲೆ. ಅಡುಗೆ ಸೋಡಾ ಉದುರಿಸಿ, ಹಸಿ ಬಟ್ಟೆಯಿಂದ ಒತ್ತಿ, ಮತ್ತೊಮ್ಮೆ ಮೂಸಿ, ಸರಿಹೋಯಿತು ಎಂಬಂತೆ ಎದ್ದು ನಿಲ್ಲುತ್ತಾರೆ. ಆಮೇಲೆ ಕಚೇರಿಯ ಕಿಟಕಿಯಲ್ಲಿಟ್ಟಿರುವ, ಚಾಲಕರು ಕುಡಿದಿದ್ದಾರೆಯೇ ಎಂದು ನೋಡುವ ಯಂತ್ರದ ಕೊಳವೆಗೆ ಉಸಿರು ಊದುತ್ತಾರೆ. ಪರದೆಯ ಮೇಲೆ ಸೊನ್ನೆ. ಹನ್ನೆರಡು ವರ್ಷಗಳಿಂದ ಪ್ರತಿ ಬೆಳಿಗ್ಗೆ ಅದೇ ಸೊನ್ನೆ.

ದ್ರಾಕ್ಷಿ ತೋಟಗಳ ಈ ಸೀಮೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ವ್ಯಾನಕ್ಕ ಎಂದು. ವೈನ್ ಸವಿಯಲು ಬರುವ ಪ್ರವಾಸಿಗರನ್ನು ದಿನಕ್ಕೆ ಮೂರು ತೋಟ, ಎರಡು ರೆಸ್ಟೋರೆಂಟ್ ಸುತ್ತಿಸಿ, ಹೋದಷ್ಟೇ ತಲೆಗಳನ್ನು ವಾಪಸು ತರುವುದು ಇವರ ಕೆಲಸ. ದಾರಿ ತೊಂಬತ್ತಾರು ಕಿಲೋಮೀಟರ್, ತಿರುವು ನಲವತ್ತೊಂದು, ನೀರಿನ ಬಾಟಲಿ ಇಪ್ಪತ್ತನಾಲ್ಕು. ತಲೆ ಎಣಿಸುವುದು ಒಂಬತ್ತು ಸಲ. "ಒಂದ್ಸಲ ಹನ್ನೊಂದೇ ಬಂತು. ಹನ್ನೆರಡನೇ ಮನುಷ್ಯ ಪೀಪಾಯಿಗಳ ಸಂದೀಲಿ ಮಲಗಿ ಗೊರಕೆ ಹೊಡೀತಿದ್ದ. ಎಬ್ಬಿಸಿದ್ರೆ, 'ಅಮ್ಮಾ, ಇನ್ನೈದು ನಿಮಿಷ' ಅಂದ. ನನಗಿಂತ ಹತ್ತು ವರ್ಷ ದೊಡ್ಡೋನು."

ಗಾಡಿ ಓಡಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಪ್ರತಿ ತೋಟ ಸಿಗುವ ಮುಂಚೆ ಅಲ್ಲಿನ ಕೆಂಪು ವೈನಿನಲ್ಲಿ ಏನೇನು ವಾಸನೆ ಸಿಗುತ್ತದೆ ಎಂದು ಮೈಕಿನಲ್ಲಿ ಹೇಳುವುದು. ಮೊದಲನೆಯದರಲ್ಲಿ ಹೊಗೆ ಮತ್ತು ಚೆರ್ರಿ, ಎರಡನೆಯದರಲ್ಲಿ ಬಾದಾಮಿ, ಮೂರನೆಯದರಲ್ಲಿ ಕಿತ್ತಳೆ ಸಿಪ್ಪೆ ಮತ್ತು ಮೆಣಸು. ವ್ಯಾನಕ್ಕ ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ಕಳೆದ ವಾರದವರೆಗೆ ಅವರು ಈ ಮೂರರಲ್ಲಿ ಒಂದನ್ನೂ ನಾಲಿಗೆಗೆ ತಾಗಿಸಿದವರಲ್ಲ. ಈ ಮಾತುಗಳನ್ನು ಕಲಿಸಿದ ಗಂಡನೂ ತಾಗಿಸಿದವರಲ್ಲ. ಇದೇ ದಾರಿಯಲ್ಲಿ ಹದಿನೇಳು ವರ್ಷ ವ್ಯಾನು ಓಡಿಸಿದ ಅವರು ಕಣ್ಣಿನ ನರ ಸೊರಗಿ ಮನೆ ಸೇರಿದಾಗ ಸ್ಟಿಯರಿಂಗ್ ಹೆಂಡತಿಯ ಕೈಗೆ ಬಂತು, ಗಿಣಿಪಾಠ ಬಾಯಿಗೆ ಬಂತು. ಗಂಡನಿಗೆ ಅದನ್ನು ಹೇಳಿಕೊಟ್ಟದ್ದು ಎಂದೋ ಕೆಲಸ ಬಿಟ್ಟು ಹೋದ ಒಬ್ಬ ಗೈಡ್. ಆತ ಕುಡಿದು ಹೇಳಿದನೋ ಕುಡಿಯದೆ ಹೇಳಿದನೋ, ಯಾರಿಗೂ ಗೊತ್ತಿಲ್ಲ.

ಇವರ ಬಗ್ಗೆ ಬರೆಯಲೆಂದು ನಾನು ಪಕ್ಕದ ಸೀಟಿನಲ್ಲಿ ಕುಳಿತ ಈ ಶನಿವಾರ ಸಾಮಾನ್ಯ ದಿನವಲ್ಲ. ಇನ್ನು ಮುಂದೆ ರುಚಿ ಪರೀಕ್ಷೆ ಪಾಸಾದ ಚಾಲಕರಿಗೆ ಮಾತ್ರ ತೋಟದ ದಾರಿ ಎಂದು ಕಂಪನಿ ತೀರ್ಮಾನಿಸಿದೆ. ಚೀಟಿ ಇಲ್ಲದ ಮೂರು ಗ್ಲಾಸು ಇಡುತ್ತಾರೆ. ಯಾವುದು ಯಾವ ತೋಟದ್ದು ಎಂದು ಹೇಳಬೇಕು. ತಪ್ಪಿದವರಿಗೆ ಸ್ಟೇಷನ್ನಿನಿಂದ ಹೋಟೆಲುಗಳಿಗೆ ಲಗೇಜು ಸಾಗಿಸುವ ಗಾಡಿ. ಅದು ರಾತ್ರಿ ಪಾಳಿ. ವ್ಯಾನಕ್ಕನ ಪರೀಕ್ಷೆ ಇವತ್ತು ಸಂಜೆ ನಾಲ್ಕೂವರೆಗೆ, ಪ್ರವಾಸದ ಕೊನೆಯ ರೆಸ್ಟೋರೆಂಟಿನಲ್ಲಿ.

"ಲಗೇಜು ಹೊರೋಕೆ ನಂಗೇನೂ ನಾಚಿಕೆ ಇಲ್ಲ. ಆದ್ರೆ ರಾತ್ರಿ ನಮ್ಮನೆಯವ್ರು ಎದ್ದರೆ ನೀರಿನ ಲೋಟ ಎಲ್ಲಿದೆ, ಮೆಟ್ಟಿಲು ಎಲ್ಲಿದೆ ಅಂತ ಹೇಳೋರು ಯಾರು? ಹಗಲಾದ್ರೆ ಪಕ್ಕದ ಮನೆಯೋರು ಇರ್ತಾರೆ."

ಹಾಗಾಗಿ ಒಂದು ವಾರದಿಂದ ಅಡುಗೆಮನೆಯ ಮೇಜಿನ ಮೇಲೆ ತಾಲೀಮು ನಡೆದಿದೆ. ತೋಟದವರಿಂದ ಕೇಳಿ ತಂದ ಮೂರು ಪುಟ್ಟ ಬಾಟಲಿಗಳನ್ನು ವ್ಯಾನಕ್ಕ ತಾವು ಹೋಗುವ ದಾರಿಯ ಕ್ರಮದಲ್ಲಿ ಇಡುವುದು, ಗಂಡ ಅವಕ್ಕೆ ಒಂದು, ಎರಡು, ಮೂರು ಎಂದು ರಬ್ಬರ್‌ಬ್ಯಾಂಡ್ ಸುತ್ತುವುದು. ಕಣ್ಣಿನ ಬದಲು ಅವರ ಬೆರಳು ಓದುತ್ತದೆ. ಆಮೇಲೆ ವ್ಯಾನಕ್ಕ ಕಣ್ಣು ಮುಚ್ಚಿ ಮೂಸುವುದು, ಒಂದು ಗುಟುಕು ಬಾಯಲ್ಲಿ ಆಡಿಸಿ ಸಿಂಕಿಗೆ ಉಗುಳುವುದು. ಬೆಳಗಿನ ಯಂತ್ರ ನೆನಪಿದ್ದರೆ ಯಾರು ತಾನೇ ನುಂಗುತ್ತಾರೆ?

ಫಲಿತಾಂಶ ಮಾತ್ರ ವಿಚಿತ್ರ. ಬಾದಾಮಿ ಎರಡರಲ್ಲೇ ಸಿಕ್ಕಿತು. ಹೊಗೆ ಸಿಕ್ಕಿದ್ದು ಮೂರರಲ್ಲಿ, ಕಿತ್ತಳೆ ಸಿಕ್ಕಿದ್ದು ಒಂದರಲ್ಲಿ. ಏಳು ದಿನವೂ ಹಾಗೆಯೇ.

"ಒಂದನೇದ್ರಲ್ಲಿ ಹೊಗೆ ಕಣೇ, ಹೊಗೆ," ಎನ್ನುತ್ತಾರಂತೆ ಗಂಡ. "ಹದಿನೇಳು ವರ್ಷ ಹೇಳಿದೀನಿ."

"ಹೇಳಿದೀರಿ. ಮೂಸಿದೀರಾ?"

"ಮೂಸೋದ್ಯಾಕೆ, ಗೊತ್ತಿರೋದನ್ನ? ನಿನ್ನ ಮೂಗೇ ತಲೆಕೆಳಗಾಗಿದೆ."

ವ್ಯಾನಕ್ಕ ಅದನ್ನೇ ನಂಬಿದ್ದಾರೆ. ನೆಲಹಾಸಿನ ಕಲೆ ಹಿಡಿಯುವ ಮೂಗು ಗ್ಲಾಸಿನ ಮುಂದೆ ಹೇಗೆ ಕೆಟ್ಟಿತು ಎಂಬುದು ಅವರಿಗೆ ಅರ್ಥವಾಗುತ್ತಿಲ್ಲ. "ಮೂಗು ಹೇಳಿದ್ದನ್ನ ಹೇಳಿದ್ರೆ ಫೇಲು. ಬಾಯಿಪಾಠ ಹೇಳೋಣ ಅಂದ್ರೆ, ಗ್ಲಾಸಿಗೆ ಚೀಟಿ ಇರಲ್ವಲ್ಲ, ಯಾವುದಕ್ಕೆ ಯಾವುದನ್ನ ಅಂಟಿಸ್ಲಿ?" ಎಂದು ಗೇರು ಬದಲಿಸುತ್ತಾರೆ.

ಎಂಟೂವರೆಗೆ ಹನ್ನೆರಡು ಜನ ಹತ್ತುತ್ತಾರೆ. ಮುಂದಿನ ಸಾಲಿನಲ್ಲಿ ಬೆತ್ತದ ಟೋಪಿಯ ನಿವೃತ್ತ ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ. ಹೊಳೆಯ ಸೇತುವೆ ಬಿರುಕು ಬಿಟ್ಟು ನಾಲ್ಕು ತಿಂಗಳಾಯಿತು. ಅಂದಿನಿಂದ ವ್ಯಾನು ಗುಡ್ಡದ ರಸ್ತೆ ಹಿಡಿದು ಮೇಲಿನ ತೋಟಕ್ಕೆ ಮೊದಲು ಹೋಗುತ್ತದೆ. ತೋಟದ ಗೇಟು ಕಾಣುತ್ತಲೇ ವ್ಯಾನಕ್ಕ ಮೈಕು ಎತ್ತಿಕೊಳ್ಳುತ್ತಾರೆ: "ಮೊದಲನೇ ತೋಟ. ಇಲ್ಲಿನ ವೈನಲ್ಲಿ ಹೊಗೆ ಮತ್ತು ಚೆರ್ರಿ. ಇಳೀವಾಗ ಮೆಟ್ಟಿಲು ಜೋಪಾನ."

ಒಳಗೆ ಮೇಷ್ಟ್ರು ಗ್ಲಾಸಿಗೆ ಮೂಗು ಹಾಕಿ ಕಣ್ಣು ಮುಚ್ಚುತ್ತಾರೆ. "ಆಹಾ, ಹೊಗೆ. ಏನು ಹೊಗೆ!"

"ನನಗೆ ಹೊಗೆ ಸಿಗ್ತಿಲ್ಲಪ್ಪ," ಎನ್ನುತ್ತಾರೆ ಹೆಂಡತಿ ಮೆಲ್ಲಗೆ.

"ಗಮನ ಬೇಕು ಕಣೇ, ಗಮನ."

ಉಳಿದ ಹತ್ತು ಮಂದಿಯೂ ಗಮನ ಕೊಟ್ಟು ತಲೆಯಾಡಿಸುತ್ತಾರೆ. ಬಾಗಿಲ ಬಳಿ ನೀರಿನ ಬಾಟಲಿ ಹಿಡಿದು ನಿಂತ ವ್ಯಾನಕ್ಕನ ಮುಖ ಇನ್ನಷ್ಟು ಬಾಡುತ್ತದೆ. "ನೋಡಿ, ಎಲ್ರಿಗೂ ಸಿಗ್ತಿದೆ," ಎಂದು ನನಗೆ ಪಿಸುಗುಟ್ಟುತ್ತಾರೆ. "ಕೆಟ್ಟಿರೋದು ನಂದೊಬ್ಬಳದೇ."

ಮಧ್ಯಾಹ್ನದ ಊಟ ಎರಡನೇ ತೋಟದ ಕೆಳಗಿನ ಸಣ್ಣ ರೆಸ್ಟೋರೆಂಟಿನಲ್ಲಿ. ಪ್ರವಾಸಿಗರು ಅಂಗಳದ ಉದ್ದ ಮೇಜಿಗೆ ಹೋದರೆ ಚಾಲಕಿಗೆ ಹಿಂಬಾಗಿಲ ಬಳಿ ತಲೆಕೆಳಗಾಗಿಟ್ಟ ಕ್ರೇಟು. ಒಂದು ಬಟ್ಟಲು ಸೂಪು, ಎರಡು ತುಂಡು ಬ್ರೆಡ್ಡು. ಅಡುಗೆಯಾಕೆ ಇವರ ಓರಗೆಯವರು. ಒಲೆಯ ಮುಂದಿನಿಂದಲೇ ಮಾತು ಎಸೆಯುತ್ತಾರೆ.

"ಏನೇ, ಸೂಪಿಗೆ ಉಪ್ಪು ಸಾಲದಾ? ಮುಖ ಹಾಗಿಟ್ಟಿದೀಯ."

"ನನ್ನ ಮೂಗು ಕೆಟ್ಟಿದೆ ಕಣೇ. ಸಂಜೆ ಪರೀಕ್ಷೆ." ವ್ಯಾನಕ್ಕ ಮೂರು ಬಾಟಲಿಗಳ ಕತೆ ಹೇಳುತ್ತಾರೆ. ಮೇಲಿನ ತೋಟದ್ದರಲ್ಲಿ ಕಿತ್ತಳೆ, ಹೊಳೆ ಬದಿಯ ಕೆಳಗಿನ ತೋಟದ್ದರಲ್ಲಿ ಹೊಗೆ.

ಸೌಟು ನಿಲ್ಲುತ್ತದೆ. "ಸರಿಯಾಗೇ ಇದೆಯಲ್ಲ. ನಾನು ಮಾಂಸ ಬೇಯಿಸೋಕೆ ಹಾಕೋದು ಕೆಳಗಿನ ತೋಟದ್ದೇ, ಹೊಗೆ ಇರೋದ್ರಿಂದ. ಯಾವತ್ತಿಂದಲೂ."

"ಮತ್ತೆ ಒಂದನೇದ್ರಲ್ಲಿ ಹೊಗೆ ಅಂತ…"

"ಒಂದನೇದು ಯಾವುದು ನಿಂಗೆ?"

"ಮೇಲಿನ ತೋಟ."

"ಸೇತುವೆ ಮುರಿಯೋ ಮುಂಚೆ?"

ವ್ಯಾನಕ್ಕ ಸೂಪಿನ ಬಟ್ಟಲನ್ನು ಕೆಳಗಿಡುತ್ತಾರೆ. ಬ್ರೆಡ್ಡಿನ ತುಂಡು ಕೈಯಲ್ಲೇ ಇದೆ. ದಾರಿ ತಿರುವುಮುರುವಾಗಿ ಕೆಳಗಿನ ತೋಟ ಮೂರನೆಯದಾಯಿತು, ಮೇಲಿನದು ಮೊದಲಾಯಿತು. ಪಾಠ ಮಾತ್ರ ತನ್ನ ಹಳೆಯ ಕ್ರಮದಲ್ಲೇ ಉಳಿಯಿತು.

"ನಾಲ್ಕು ತಿಂಗಳಿಂದ ನಿನ್ನ ಜನ ಬಂದು ಮೇಲಿನ ತೋಟದ ಬಾಟಲಿ ತೋರಿಸಿ 'ಆ ಹೊಗೆ ವೈನು ಕೊಡಿ' ಅಂತಾರೆ," ಅಡುಗೆಯಾಕೆ ನಗುತ್ತಾರೆ. "ಊರ ಉಸಾಬರಿ ನಂಗ್ಯಾಕೆ ಅಂತ ಕೊಟ್ಟು ಕಳಿಸ್ತೀನಿ. ಖುಷಿಯಾಗೇ ಕುಡೀತಾರೆ."

ಮೂಗು ಸರಿಯಿದೆ ಎಂದು ಗೊತ್ತಾದ ಮನುಷ್ಯ ನಿರಾಳವಾಗಬೇಕಿತ್ತು. ಬದಲಿಗೆ ವ್ಯಾನಕ್ಕನ ಗೊಂದಲ ದುಪ್ಪಟ್ಟಾಗುತ್ತದೆ. ಒಂದು ದಿನಕ್ಕೆ ಹನ್ನೆರಡು ಜನ, ವಾರಕ್ಕೆ ಆರು ದಿನ, ನಾಲ್ಕು ತಿಂಗಳು. "ಸಾವಿರದ ಮೇಲೆ ಜನಕ್ಕೆ ಇಲ್ಲದ ಹೊಗೆ ಮೂಸಿಸಿದೀನಿ. ಒಬ್ಬರೂ ಇಲ್ಲ ಅನ್ನಲಿಲ್ಲ. ನಾನು ಸುಳ್ಳಾ, ಅವರು ಸುಳ್ಳಾ?" ಎಂದು ಸ್ಟಿಯರಿಂಗನ್ನೇ ಕೇಳುತ್ತಾರೆ. ಕೆಳಗಿನ ತೋಟದ ಗೇಟು ಬಂದಾಗ ಮೈಕು ಎತ್ತುತ್ತಾರೆ, ಬಾಯಿ ತೆರೆಯುತ್ತಾರೆ. "ಮೂರನೇ ತೋಟ. ಮೆಟ್ಟಿಲು ಜೋಪಾನ." ಅಷ್ಟೇ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ವಾಸನೆಯ ಮಾತಿಲ್ಲ. ಒಳಗೆ ಪ್ರವಾಸಿಗರು ಗ್ಲಾಸು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಏನು ಸಿಗಬೇಕೆಂದು ಯಾರೂ ಹೇಳಿಲ್ಲ, ಏನೂ ಸಿಗುತ್ತಿಲ್ಲ.

ನಾಲ್ಕೂವರೆ. ಕೊನೆಯ ರೆಸ್ಟೋರೆಂಟಿನಲ್ಲಿ ಬಿಳಿ ಮೇಜುಬಟ್ಟೆ, ಹೊಳೆಯ ಕಡೆಗೆ ಗಾಜಿನ ಗೋಡೆ. ಪ್ರವಾಸಿಗರು ಮುಂದಿನ ಕೋಣೆಯಲ್ಲಿ. ವ್ಯಾನಕ್ಕ ತಟ್ಟೆ ಜೋಡಿಸುವ ಹಿಂದಿನ ಕೋಣೆಯಲ್ಲಿ. ಕಂಪನಿಯ ಪರೀಕ್ಷಕರು ಬಡಕಲು ದೇಹದ, ಮಿತಮಾತಿನ ಮನುಷ್ಯ. ಮೂರು ಗ್ಲಾಸು, ಉಗುಳಲು ಒಂದು ಬಕೆಟ್ಟು, ಒಂದು ನಮೂನೆ.

ಮೊದಲ ಗ್ಲಾಸಿಗೆ ಮೂಗು ಹೋಗುತ್ತದೆ. ಬಾಯಿ ತುಂಬಿಕೊಂಡು ಉಗುಳುತ್ತಾರೆ. "ಕೆಳಗಿನ ತೋಟ."

"ಏನು ಸಿಕ್ಕಿತು?"

"ಬ್ರೇಕ್ ಬಿಸಿಯಾದಾಗ ಬರುತ್ತಲ್ಲ, ಇಳಿಜಾರಲ್ಲಿ, ಆ ವಾಸನೆ ಸರ್. ಸ್ವಲ್ಪ ದೂರದಿಂದ ಬಂದ್ಹಾಗೆ."

ನಮೂನೆಯಲ್ಲಿ ಬ್ರೇಕಿಗೆ ಕಾಲಂ ಇಲ್ಲ. ಪರೀಕ್ಷಕರು ಸ್ವಲ್ಪ ಯೋಚಿಸಿ 'ಹೊಗೆ'ಯ ಮುಂದೆ ಗುರುತು ಹಾಕುತ್ತಾರೆ. ಎರಡನೆಯದು ಮೇಲಿನ ತೋಟದ್ದು: "ಯಾರೋ ಹಿಂದಿನ ಸೀಟಲ್ಲಿ ಕಿತ್ತಳೆ ಸುಲೀತಿದಾರೆ." ಮೂರನೆಯದು ನಡುವಿನ ತೋಟದ್ದು. ಮೂರೂ ಸರಿ.

"ಪಾಸಾದ್ರಿ," ಎಂದು ಸಹಿಗೆ ಪೆನ್ನು ಎತ್ತುತ್ತಾರೆ.

"ಸಹಿ ಹಾಕೋ ಮುಂಚೆ ಒಂದು ಮಾತು ಸರ್." ವ್ಯಾನಕ್ಕ ಕೈ ಒರೆಸಿಕೊಂಡು ಎಲ್ಲವನ್ನೂ ಹೇಳುತ್ತಾರೆ: ಸೇತುವೆ, ಕ್ರಮ, ನಾಲ್ಕು ತಿಂಗಳು.

ಪೆನ್ನು ಗಾಳಿಯಲ್ಲೇ ಇದೆ. "ಯಾರಾದ್ರೂ ದೂರು ಕೊಟ್ಟಿದಾರಾ?"

"ಇಲ್ಲ ಸರ್. ಮೆಚ್ಚಿ ಪತ್ರ ಬರೆದಿದಾರೆ. ಮೇಲಿನ ತೋಟದ ಹೊಗೆ ಮರೆಯೋಕಾಗಲ್ಲ ಅಂತ."

ಪರೀಕ್ಷಕರ ಮುಖದಲ್ಲಿ ನಗುವೋ ಕೆಮ್ಮೋ ಹೇಳಲಾಗದ ಏನೋ ಒಂದು ಬಂದು ಹೋಗುತ್ತದೆ. "ನೀವು ಹೇಳದೆ ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ. ಇದನ್ನ ಬರೆದರೆ ಮ್ಯಾನೇಜರು ಓದ್ತಾರೆ. ಬರೀಲಾ?"

ರಾತ್ರಿ ಪಾಳಿಯ ಗಾಡಿ ವ್ಯಾನಕ್ಕನ ಕಣ್ಣ ಮುಂದೆ ಹಾದುಹೋದದ್ದು ನನಗೂ ಕಾಣುತ್ತದೆ. "ಬರೀರಿ," ಎನ್ನುತ್ತಾರೆ.

ಪರೀಕ್ಷಕರು ನಿಧಾನವಾಗಿ ಬರೆಯುತ್ತಾರೆ, ಬರೆದದ್ದನ್ನು ತಿರುಗಿಸಿ ತೋರಿಸುತ್ತಾರೆ: 'ಮೂರೂ ಸರಿ. ಮಾರ್ಗ ಬದಲಾದಾಗ ವಿವರಣೆ ಬದಲಿಸಿಕೊಡಬೇಕಾದದ್ದು ಕಚೇರಿಯ ಕೆಲಸ, ಕೊಟ್ಟಿಲ್ಲ. ಚಾಲಕಿ ತಾವಾಗಿಯೇ ಕಂಡುಹಿಡಿದು ತಿಳಿಸಿದ್ದಾರೆ. ಇದೇ ದಾರಿಯಲ್ಲಿ ಮುಂದುವರಿಸುವುದು.' ಕೆಳಗೆ ಸಹಿ.

ವಾಪಸು ಹೊರಡುವ ಮುಂಚೆ ಹನ್ನೆರಡು ತಲೆ ಎಣಿಸಿ, ಎಂಜಿನ್ ಹಾಕದೆ, ವ್ಯಾನಕ್ಕ ಮೈಕು ಹಿಡಿಯುತ್ತಾರೆ. ಬೆಳಿಗ್ಗೆ ಮೇಲಿನ ತೋಟದಲ್ಲಿ ತಾವು ಹೇಳಿದ ಹೊಗೆ ಅಲ್ಲಿರಲಿಲ್ಲ, ತಪ್ಪಾಯಿತು, ಎನ್ನುತ್ತಾರೆ.

"ಅದ್ಹೇಗೆ? ನಂಗೆ ಸಿಕ್ಕಿತ್ತಲ್ಲ," ಎನ್ನುತ್ತಾರೆ ಮೇಷ್ಟ್ರು.

"ನಿಮಗೆ ಸೀಮೆಎಣ್ಣೆ ಅಂದಿದ್ರೂ ಸಿಗ್ತಿತ್ತು," ಎನ್ನುತ್ತಾರೆ ಹೆಂಡತಿ. ಆಮೇಲೆ ಚಾಲಕಿಯ ಕಡೆ ಬಾಗಿ: "ನಂಗೆ ಕಿತ್ತಳೆ ಥರ ಏನೋ ಬಂದಿತ್ತು ಕಣ್ರೀ. ಇವರು ನಗ್ತಾರೆ ಅಂತ ಸುಮ್ಮನಾದೆ."

ವ್ಯಾನಕ್ಕ ಕನ್ನಡಿಯಲ್ಲಿ ಆಕೆಯನ್ನೇ ನೋಡುತ್ತಾರೆ. ಇಡೀ ದಿನದಲ್ಲಿ ಅವರ ಹುಬ್ಬಿನ ಗಂಟು ಬಿಚ್ಚುವುದು ಈಗಲೇ.

ಪ್ರವಾಸಿಗರನ್ನು ಇಳಿಸಿದ ಮೇಲೆ, ಇನ್ನು ಮೈಕಿನಲ್ಲಿ ಏನು ಹೇಳುತ್ತೀರಿ ಎಂದು ಕೇಳುತ್ತೇನೆ.

"ಇನ್ನೂ ಗೊತ್ತಾಗ್ತಿಲ್ಲ," ಎನ್ನುತ್ತಾರೆ. "ಬಾಯಿಪಾಠ ಅಂತೂ ಬೇಡ. ತೋಟಕ್ಕೆ ಕರ್ಕೊಂಡು ಹೋಗಿ ಬಿಡ್ತೀನಿ, ಅವರೇ ಮೂಸ್ಲಿ. ಯಾರಾದ್ರೂ ಹೆದರಿಕೊಂಡು ಸುಮ್ಮನೆ ನಿಂತಿದ್ರೆ ಪಕ್ಕಕ್ಕೆ ಹೋಗಿ ಕೇಳ್ತೀನಿ, ನಿಮಗೇನು ಸಿಕ್ತು ಅಂತ. ಬ್ರೇಕ್ ವಾಸನೆ ಅಂದ್ರೂ ನಾನು ನಗಲ್ಲ."