ಸುಳಿ ಮುಟ್ಟದೆ ಬರೆದ ವರದಿ

2022ರಲ್ಲಿ ನಾನು ಒಂದು ಕಂಪನಿಯ ತೋಟಗಾರಿಕೆ ಅಧಿಕಾರಿಯಾಗಿದ್ದೆ. ಊರು ಧಾರವಾಡ, ನೌಕರಿ ವಿಜಯವಾಡದಲ್ಲಿ, ಭವಾನಿಪುರಂನ ನದಿ ಕಡೆಯ ಕಚೇರಿಯಲ್ಲಿ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಮೂವತ್ತು ವರ್ಷ ಗಿಡ ನೆಟ್ಟವನಿಗೆ ಇನ್ನು ಕಲಿಯುವುದೇನಿದೆ ಎಂಬ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ವಿಶಾಖಪಟ್ಟಣದ ಹೊರಗೆ, ಸಮುದ್ರದ ದಿಕ್ಕಿಗೆ, ಕಂಪನಿಗೆ ಸೇರಿದ ಒಂದು ಕೆಂಪು ಮರಳಿನ ದಿಬ್ಬವಿತ್ತು. ಅದರ ತುಂಬ ತೆಲುಗರು ಚಿಟ್ಟೀತ ಎನ್ನುವ ಕಿರಿ ಈಚಲು. ಕರಾವಳಿಯ ಕುರುಚಲು ಕಾಡಿನ ಗಿಡ, ಎದೆಯೆತ್ತರ ದಾಟುವುದು ಅಪರೂಪ. ಗರಿಗಳ ಬುಡದಲ್ಲಿ ಸೂಜಿಯಂಥ ಮುಳ್ಳು. ಪಕ್ಕದ ಹಳ್ಳಿಯ ಹನ್ನೆರಡು ಮನೆಯವರು ಆ ಗರಿ ಕೊಯ್ದು ಪೊರಕೆ ಕಟ್ಟಿ ಸಿಂಹಾಚಲಂನ ಅಂಗಡಿಗಳಿಗೆ ಹಾಕುತ್ತಿದ್ದರು. ಅದೇ ಅವರ ಅನ್ನ. ಕಂಪನಿಗೋ ಅಲ್ಲಿ ಗೋದಾಮು ಕಟ್ಟಬೇಕಿತ್ತು. ಅನುಮತಿಯಲ್ಲಿ ಒಂದು ಷರತ್ತು ಇತ್ತು: ಮೊದಲು ಅರವತ್ತು ಗಿಡಗಳನ್ನು ಬೇರೆಡೆ ನೆಟ್ಟು ನೋಡಬೇಕು; ಅವು ಬದುಕಿವೆ ಎಂದು ತೋಟಗಾರಿಕೆ ಅಧಿಕಾರಿ ಬರೆದುಕೊಟ್ಟ ಮೇಲೆಯೇ ದಿಬ್ಬ ಮುಟ್ಟಬೇಕು.

ಜುಲೈ ಮಳೆಯಲ್ಲಿ ಗಿಡ ಕಿತ್ತು ಲಾರಿಗೆ ಏರಿಸಿದೆವು. ಪೊರಕೆಯವರಲ್ಲಿ ಹಿರಿಯರಾದ ಅಪ್ಪಲಮ್ಮ ಲಾರಿಯ ಪಕ್ಕ ನಿಂತು ಕೇಳಿದರು, “ಅಲ್ಲಿ ಯಾರು ನೋಡ್ಕೋತಾರೆ ಬಾಬೂ?”

“ನಾನೇ!” ಎಂದೆ, ಎದೆಯುಬ್ಬಿಸಿ.

ಭವಾನಿಪುರಂ ಕಚೇರಿಯ ಕಾಲುದಾರಿಯ ಎರಡೂ ಬದಿ ಅವನ್ನು ನೆಡಿಸಿದೆ. ವಾರದೊಳಗೆ ಒಬ್ಬ ಗುಮಾಸ್ತೆಯ ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ಮೇಲಿನವರ ತಪಾಸಣೆ ಬೇರೆ ಹತ್ತಿರವಾಗಿತ್ತು. ಮುಳ್ಳು ಕಾಣದ ಹಾಗೆ ಗರಿಯ ಬುಡ ಮುಚ್ಚುವವರೆಗೆ ಮಣ್ಣು ಏರಿಸಿರಿ, ದಿನಾ ನೀರು ಬಿಡಿರಿ ಎಂದು ಮಾಲಿಗಳಿಗೆ ಆಜ್ಞೆ ಮಾಡಿದೆ. ನದಿ ಬಯಲಿನ ಕಪ್ಪು ಮಣ್ಣು, ನೀರು ಬೇಗ ಇಂಗದು. ಆದರೂ ದಾರಿ ಅಂದವಾಯಿತೆಂದು ಎಲ್ಲರೂ ಹೊಗಳಿದರು.

ಸೆಪ್ಟೆಂಬರಿನಲ್ಲಿ ಆ ದಾರಿಯಲ್ಲೇ ನಡೆಯುತ್ತ ಹಸಿರು ಗರಿಗಳನ್ನು ನೋಡಿಕೊಂಡು, ಅರವತ್ತಕ್ಕೆ ಅರವತ್ತೂ ಬದುಕಿವೆ ಎಂದು ವರದಿ ಕಳಿಸಿದೆ. ಕೈಗೆ ಮಣ್ಣು ಹತ್ತಿರಲಿಲ್ಲ. ಹದಿನೈದು ದಿನದಲ್ಲಿ ಜೆಸಿಬಿ ದಿಬ್ಬದ ಅರ್ಧ ಸಪಾಟು ಮಾಡಿತು. ಉಳಿದರ್ಧದ ಕೆಲಸ ಮಳೆಗೆ ನಿಂತಿತ್ತು.

ದಸರೆಗೆ ದುರ್ಗಮ್ಮನ ದರ್ಶನಕ್ಕೆಂದು ವಿಜಯವಾಡಕ್ಕೆ ಬಂದಿದ್ದ ಅಪ್ಪಲಮ್ಮ, ಕುಂಕುಮದ ಪೊಟ್ಟಣ ಹಿಡಿದು ಕಚೇರಿಗೂ ಬಂದರು. ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣು ಸರಿಸಿದರು. ಮುಳ್ಳುಗಳ ನಡುವೆ ಕೈ ತೂರಿಸಿ ಸುಳಿಯನ್ನು, ಅಂದರೆ ನಡುವಿನ ಬಿಚ್ಚದ ಎಳೆ ಗರಿಯನ್ನು, ಮೆಲ್ಲಗೆ ಎಳೆದರು. ಅದು ಕೈಗೇ ಬಂತು. ಬುಡ ಕೊಳೆತು ನಾರುತ್ತಿತ್ತು. ಎರಡನೆಯದು, ಮೂರನೆಯದು, ಅವೂ ಹಾಗೆಯೇ.

“ಇವು ಸತ್ತು ತಿಂಗಳಾಯ್ತು ಬಾಬೂ. ಗರಿಗಿನ್ನೂ ಗೊತ್ತಾಗಿಲ್ಲ.”

ಈಚಲಿನ ಒಂದು ಕಾಂಡಕ್ಕೆ ಒಂದೇ ಸುಳಿ. ಅದು ಕೊಳೆತರೆ ಗಿಡ ಮುಗಿಯಿತು, ಹಳೆಯ ಗರಿ ಮಾತ್ರ ಇನ್ನಷ್ಟು ದಿನ ಹಸಿರಾಗಿರುತ್ತದೆ. ಇದನ್ನು ಎಷ್ಟೋ ಮಾಲಿಗಳಿಗೆ ಪಾಠ ಹೇಳಿದವನೇ ನಾನು. ಮುಳ್ಳು ಮುಚ್ಚಲು ಹೋಗಿ ಸುಳಿಯನ್ನೇ ಹೂತುಬಿಟ್ಟಿದ್ದೆ.

ಮೇಲಧಿಕಾರಿಗೆ ಫೋನ್ ಮಾಡಿದರೆ, “ಹಸಿರಾಗಿವೆಯಲ್ಲ ಸಾರ್! ರಿಪೋರ್ಟ್ ಹೋಗಿಯಾಯ್ತು. ನಿಮ್ಮ ರಿಟೈರ್‌ಮೆಂಟ್ ನೋಡಿಕೊಳ್ಳಿ” ಎಂದರು. ಪಿಂಚಣಿ ಪತ್ರಗಳು ಇನ್ನೂ ಅವರ ಮೇಜಿನ ಮೇಲಿದ್ದವು. ಮನೆಗೆ ಬಂದು ಒಂದಕ್ಷರ ಬರೆಯದೆ ಕೂತೆ. ಸುಮತಿ, ನನ್ನ ಹೆಂಡತಿ, ಚಹಾ ಲೋಟ ಕುಕ್ಕಿದಳು.

“ಮೂವತ್ತು ವರ್ಷ ಮಂದೀ ತಪ್ಪು ಹುಡುಕಿದ್ರಿ. ಈಗ ನಿಮ್ದು ಬರೀಲಿಕ್ಕೆ ಕೈ ಬರವಲ್ದೇನ್ರಿ?”

ಮರುದಿನ ಅರವತ್ತೂ ಗಿಡದ ಸುಳಿಯನ್ನು ನಾನೇ ಮುಟ್ಟಿ ನೋಡಿದೆ. ಅಂಗೈ ತುಂಬ ರಕ್ತ. ಬದುಕಿದ್ದವು ಒಂಬತ್ತು. ಎರಡನೆಯ ವರದಿಯಲ್ಲಿ, ನನ್ನ ಆಜ್ಞೆಯಂತೆ ಏರಿಸಿದ ಮಣ್ಣೇ ಸಾವಿಗೆ ಕಾರಣವೆಂದೂ ಮೊದಲ ವರದಿಯನ್ನು ಹಿಂತೆಗೆದುಕೊಂಡಿದ್ದೇನೆಂದೂ ಬರೆದು, ಅನುಮತಿ ಕೊಟ್ಟವರಿಗೂ ಪ್ರತಿ ಕಳಿಸಿದೆ. ನನಗೆ ಷೋಕಾಸ್ ನೋಟಿಸ್ ಬಂತು. ಮಳೆಗೆ ನಿಂತಿದ್ದ ದಿಬ್ಬದ ಕೆಲಸಕ್ಕೂ ತಡೆ ಬಿತ್ತು. ಕಡೆಗೆ ಸಪಾಟಾದ ಅರ್ಧದಲ್ಲೇ ಗೋದಾಮು ಮುಗಿಸಿದರು.

ನಿವೃತ್ತನಾದ ಮೇಲೆ ದಿಬ್ಬಕ್ಕೆ ಹೋದೆ. ಅಪ್ಪಲಮ್ಮ ಗರಿ ಕೊಯ್ಯುತ್ತಿದ್ದರು. ಪ್ರತಿ ಗಿಡದಲ್ಲೂ ಸುಳಿ, ಅದರ ಪಕ್ಕದ ಎರಡು ಗರಿ ಬಿಟ್ಟೇ ಕತ್ತಿ ಆಡುತ್ತಿತ್ತು. ಹನ್ನೆರಡರಲ್ಲಿ ಐದು ಮನೆಯವರು ಪೊರಕೆ ಬಿಟ್ಟು ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಿದ್ದಾರಂತೆ. ಏಳು ಮನೆಗಾಗುವಷ್ಟೇ ಗರಿ ಉಳಿದಿದೆ. ತಪ್ಪಾಯಿತಮ್ಮಾ ಎಂದು ಕೈಮುಗಿದೆ. ಅವರು ಕತ್ತಿ ನಿಲ್ಲಿಸಿದರು.

“ಉಳಿದದ್ದು ನಿಮ್ಮಿಂದ ಬಾಬೂ,” ಎಂದರು. “ಹೋದದ್ದೂ ನಿಮ್ಮಿಂದಲೇ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪು ಒಪ್ಪಿಕೊಂಡರೆ ಮುಂದಾಗುವ ಹಾನಿ ನಿಲ್ಲಬಹುದು, ಆಗಿಹೋದದ್ದು ತಿರುಗಿ ಬರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದನ್ನು ಕಲಿಯುವ ಹೊತ್ತಿಗೆ ಐದು ಮನೆಗಳ ಕಸುಬು ಹೋಗಿತ್ತು.