ಬಾಯಿ ಮೂಸುವ ಕೆಂಪಕ್ಕ

ಕೆಂಕೆರೆಯ ಗಿಡ್ಡಯ್ಯ ಹೊಡೆಯುತ್ತಿದ್ದ ಎತ್ತುಗಳ ಬುದ್ಧಿಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹುಳಿಯಾರು ಸಂತೆ ಮುಗಿಸಿ, ಹೆಂಡದಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಅವನು ಗಾಡಿಯಲ್ಲಿ ಕಾಲು ಚಾಚಿದರೆ ಮುಗಿಯಿತು, ಮಿಕ್ಕದ್ದೆಲ್ಲ ಎತ್ತುಗಳ ಜವಾಬ್ದಾರಿ. ಎದುರಿಗೆ ಬಸ್ಸು ಬಂದರೆ ತಾವೇ ಪಕ್ಕಕ್ಕೆ ಸರಿಯುತ್ತಿದ್ದವು. ಕೆರೆಯ ಹತ್ತಿರ ತಾವೇ ನೀರು ಕುಡಿಯುತ್ತಿದ್ದವು. ಮನೆಯ ಮುಂದೆ ನಿಂತು, ಗಿಡ್ಡಯ್ಯನ ಹೆಂಡತಿ ಕೆಂಪಕ್ಕ ಬಾಗಿಲು ತೆಗೆಯುವ ತನಕ ಕೊರಳಗಂಟೆ ಅಲ್ಲಾಡಿಸುತ್ತಿದ್ದವು. ಒಂದು ಸಲ ಗಿಡ್ಡಯ್ಯ ದಾರಿಯಲ್ಲಿ ಜಾರಿ ಬಿದ್ದನಂತೆ. ಎತ್ತುಗಳು ಗಾಡಿ ತಿರುಗಿಸಿಕೊಂಡು ಬಂದವಂತೆ. ಒಂದು ಎತ್ತು ಅವನ ಪಂಚೆ ಕಚ್ಚಿ ಎತ್ತಿ ಗಾಡಿಗೆ ಹಾಕಿತಂತೆ, ಇನ್ನೊಂದು ಬಿದ್ದುಹೋಗಿದ್ದ ಟವಲ್ಲು ಹುಡುಕಿ ತಂದಿತಂತೆ. ಟವಲ್ಲಿನ ಮಾತು ಮಾತ್ರ ಸುಳ್ಳು. ಗಿಡ್ಡಯ್ಯನಿಗೆ ಟವಲ್ಲೇ ಇರಲಿಲ್ಲ.

ಗಾಡಿ, ಎತ್ತು ಎರಡೂ ಹುಳಿಯಾರಿನ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರವು. ಎಪ್ಪತ್ತರ ದಶಕ ಅರ್ಧ ಕಳೆದಿದ್ದಾಗ ಅವರು ಎತ್ತು ಮಾರಿ ಟ್ರ್ಯಾಕ್ಟರ್ ತಂದರು. ಹಳೇ ಆಳು ಎಂಬ ಪ್ರೀತಿಗೆ ಅದರ ಸೀಟಿನ ಮೇಲೆ ಗಿಡ್ಡಯ್ಯನನ್ನೇ ಕೂರಿಸಿದರು. ಅವನು ಬೇಗನೇ ಕಲಿತ. ಗೇರು ಕಲಿತ, ಬ್ರೇಕು ಕಲಿತ, ಹಿಂದಕ್ಕೆ ಬಿಡುವುದನ್ನೂ ಕಲಿತ. ಸಂತೆ ದಿನದ ಹೆಂಡವನ್ನು ಬಿಡಲು ಯಾರೂ ಕಲಿಸಲಿಲ್ಲ. ಮಲಗಿಕೊಂಡು ಗಾಡಿ ಹೊಡೆದವನಿಗೆ ಕೂತುಕೊಂಡು ಟ್ರ್ಯಾಕ್ಟರ್ ಬಿಡುವುದು ಯಾವ ಮಹಾ ಕಷ್ಟ ಎಂದು ಊರೇ ಅಂದುಕೊಂಡಿತು. ಟ್ರ್ಯಾಕ್ಟರಿಗೆ ಮನೆ ದಾರಿ ಗೊತ್ತಿರುವುದಿಲ್ಲ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಒಂದು ಸಂತೆಯ ದಿನ ಇಳಿಹೊತ್ತಿನಲ್ಲಿ ಕೆಂಪಕ್ಕ ಮಗಳು ಭೂತಮ್ಮನನ್ನು ಕರೆದುಕೊಂಡು ಟ್ರ್ಯಾಕ್ಟರಿನ ಹತ್ತಿರ ಬಂದಳು. ಭೂತಮ್ಮನಿಗೆ ಗಂಡು ಗೊತ್ತಾಗಿತ್ತು. ಬಳೆ ತೊಡಿಸಿಕೊಂಡು ಬಂದಿದ್ದರು. ಗಂಡ ಮಾತಾಡಿದಾಗ ವಾಸನೆ ಕೆಂಪಕ್ಕನ ಮೂಗಿಗೆ ರಪ್ಪನೆ ಬಡಿಯಿತು. ಇದೇನು ಹೊಸದೇ ಅಂದುಕೊಂಡು ಮಗಳನ್ನು ಟ್ರೇಲರಿನ ತೆಂಗಿನಕಾಯಿ ರಾಶಿಯ ಮೇಲೆ ಹತ್ತಿಸಿದಳು. ತಾನು ಮೆಣಸಿನಕಾಯಿ ಕೊಳ್ಳುವುದಿದೆ, ಬಸ್ಸಿಗೆ ಬರುತ್ತೇನೆ ಎಂದು ಸಂತೆಯಲ್ಲೇ ಉಳಿದಳು.

ಕೆರೆ ಏರಿಯ ತಿರುವಿನಲ್ಲಿ ರಸ್ತೆ ತಿರುಗಿತು, ಟ್ರ್ಯಾಕ್ಟರ್ ತಿರುಗಲಿಲ್ಲ. ಬಸ್ಸಿನಿಂದ ಕೆಂಪಕ್ಕ ಇಳಿದಾಗ ಏರಿಯ ಕೆಳಗೆ ಜನ ತೆಂಗಿನಕಾಯಿಗಳನ್ನು ಎತ್ತಿ ಎತ್ತಿ ಎಸೆಯುತ್ತಿದ್ದರು. ಮೊದಲು ಕಂಡದ್ದು ಹೊಸ ಬಳೆಯ ಕೈ.

ಗಿಡ್ಡಯ್ಯ ಉಳಿದ. ಒಂದು ಕಾಲು ಗಿಡ್ಡವಾಯಿತು. ಹೆಂಡ ಬಿಟ್ಟ, ಜೊತೆಗೆ ಮಾತನ್ನೂ ಬಿಟ್ಟ. ಜಗಲಿಯ ಮೇಲೆ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುವುದೇ ಅವನ ಕೆಲಸವಾಯಿತು. ಕೆಂಪಕ್ಕ ಅವನನ್ನು ಒಂದು ದಿನವೂ ಬೈಯಲಿಲ್ಲ. ಬೈಯಬೇಕಾದ್ದು ತನ್ನ ಮೂಗನ್ನು ಎಂದು ಅವಳ ಲೆಕ್ಕ.

ಮುಂದಿನ ಮದುವೆ ಕಾಲದಲ್ಲಿ ಊರಿನ ದಿಬ್ಬಣಕ್ಕೆ ಲಾರಿ ಬಂತು. ಆಗೆಲ್ಲ ದಿಬ್ಬಣವೆಂದರೆ ಲಾರಿಯೇ. ಮುಂದೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದು ಹೊರಡುವುದು. ಎಲ್ಲ ಪೂಜೆಯೂ ಗಾಡಿಗೆ, ಡ್ರೈವರಿಗೆ ಮಾತ್ರ ಒಂದು ಬಾಟಲಿ ಸಾರಾಯಿ. ಅದು ಮರ್ಯಾದೆ. ಹೆಂಗಸರು ಮಕ್ಕಳನ್ನು ಎತ್ತಿ ಕೊಡುತ್ತಿದ್ದಾಗ ಕೆಂಪಕ್ಕ ನೇರವಾಗಿ ಹೋಗಿ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು.

"ಎಲ್ಲಿ, ಬಾಯಿ ಬುಡಪ್ಪ ಒಸಿ" ಎಂದಳು.

"ಯಾಕಮ್ಮ, ಹಲ್ಲು ಎಣಿಸ್ಬೇಕಾ? ನಾನೇನು ಸಂತೇಲಿ ಮಾರೋ ದನವಾ?" ಎಂದ ಡ್ರೈವರ್.

"ದನವಾಗಿದ್ರೆ ನೋಡ್ತಾನೇ ಇರ್ಲಿಲ್ಲ. ಅವು ಕುಡಿಯಕ್ಕಿಲ್ಲ. ಬುಡು."

ಮೂಸಿದಳು, ಇಳಿದಳು, "ಇವನ ಗಾಡಿಗೆ ಕೂಸುಗಳನ್ನ ಹತ್ತಿಸ್ಬ್ಯಾಡ್ರಿ ಕಣ್ರೇ" ಎಂದಳು. ಮಗಳನ್ನು ಕಳೆದುಕೊಂಡವಳ ಮಾತು. ಹೆಂಗಸರು ಎತ್ತಿದ್ದ ಕೂಸುಗಳನ್ನು ಕೆಳಗಿಳಿಸಿದರು. ಹೆಂಗಸರಿಲ್ಲದೆ ದಿಬ್ಬಣವೇ? ಗಂಡಸರು ಗೊಣಗುತ್ತಾ ಬೇರೆ ಡ್ರೈವರನ್ನು ಕರೆತಂದರು. ಅಂದಿನಿಂದ ಅದೇ ರೂಢಿಯಾಯಿತು. ಕೆಂಪಕ್ಕ ಮೂಸದೆ ಕೆಂಕೆರೆಯ ಹೆಂಗಸರು ಲಾರಿ ಹತ್ತುತ್ತಿರಲಿಲ್ಲ.

ಡ್ರೈವರುಗಳು ಸುಮ್ಮನಿದ್ದಾರೆಯೇ? ಈರುಳ್ಳಿ ಜಗಿದು ಬಂದರು, ಲವಂಗ ಕಚ್ಚಿ ಬಂದರು, ಬೆಲ್ಲ ಕೊಬ್ಬರಿ ಮುಕ್ಕಿ ಬಂದರು. ಒಬ್ಬನಂತೂ ಬಾಯಿತುಂಬ ವಿಭೂತಿ ಹಾಕಿಕೊಂಡು ಬಂದು, ಉಗುಳಲೂ ಆಗದೆ ನುಂಗಲೂ ಆಗದೆ ಕಣ್ಣು ಬಿಟ್ಟ. ಕೆಂಪಕ್ಕನ ಮೂಗಿನ ಮುಂದೆ ಯಾವುದೂ ನಡೆಯಲಿಲ್ಲ. ಯಾವ ತೋಪಿನ ಈಚಲ ಹೆಂಡ, ನೀರು ಬೆರೆಸಿದ್ದಾರೋ ಇಲ್ಲವೋ ಎಲ್ಲ ಹೇಳುತ್ತಿದ್ದಳಂತೆ. ತನ್ನ ಆಳುಗಳ ಕಳ್ಳಾಟ ಹಿಡಿಯಲು ಹೆಂಡದ ಗುತ್ತಿಗೆದಾರನೇ ಅವಳನ್ನು ಸಂಬಳಕ್ಕೆ ಕರೆದನಂತೆ. ಇನ್ನೊಬ್ಬ ಹುಡುಗನ ಬಾಯಿ ಮೂಸಿ, "ನೀನು ಕುಡ್ದಿಲ್ಲ ಕಣಪ್ಪ, ನಿಮ್ಮಪ್ಪ ಬಾಳ ಕುಡೀತಾನೆ" ಎಂದಳಂತೆ. ಆ ಹುಡುಗ ಅವರಪ್ಪನ ಅಂಗಿ ತೊಟ್ಟಿದ್ದ. ಈ ಕಥೆಗಳನ್ನು ಕೇಳಿ ಊರು ನಗುತ್ತಿತ್ತು. ಕೆಂಪಕ್ಕ ನಗುತ್ತಿರಲಿಲ್ಲ. ಪ್ರತಿ ಬಾಯಿಯಲ್ಲೂ ಅವಳು ಹುಡುಕುತ್ತಿದ್ದದ್ದು ಆ ಸಂತೆಯ ದಿನದ ವಾಸನೆಯನ್ನು.

ಅವಳಿಗೆ ತವರು ಅಂತ ಉಳಿದಿದ್ದವನು ತಮ್ಮ ಮಾಯಣ್ಣ ಒಬ್ಬನೇ. ಅಪ್ಪ ಅವ್ವ ಹೋದ ಮೇಲೆ ಅವಳೇ ಎತ್ತಿ ಸಾಕಿದವನು. ಹುಳಿಯಾರಿನಲ್ಲಿ ಮಲ್ಲಿಕಾರ್ಜುನಯ್ಯನವರ ಲಾರಿಗೆ ಡ್ರೈವರಾಗಿದ್ದ, ತಿಪಟೂರಿಗೆ ಕೊಬ್ಬರಿ ಸಾಗಿಸುತ್ತಿದ್ದ. ಗೌರಿ ಹಬ್ಬಕ್ಕೆ ಒಂದು ವರ್ಷವೂ ತಪ್ಪಿಸದೆ ಬಾಗಿನದ ಸೀರೆ ತರುತ್ತಿದ್ದ. ಭೂತಮ್ಮ ತೀರಿಕೊಂಡ ವರ್ಷ ಸೀರೆಯನ್ನು ಅಕ್ಕನ ಮಡಿಲಿಗೆ ಹಾಕಿ, ಅವಳ ಪಕ್ಕದಲ್ಲೇ ಕೂತು ಮಗುವಿನ ಹಾಗೆ ಅತ್ತಿದ್ದ. ಮಾತು ಬಿಟ್ಟ ಗಂಡನ ಮನೆಯಲ್ಲಿ ಅವಳೊಡನೆ ನಾಲ್ಕು ಮಾತಾಡುವ ಜೀವ ಅದೊಂದೇ.

ಎಂಬತ್ತೊಂದರ ಬೇಸಿಗೆಯಲ್ಲಿ ಕೆಂಕೆರೆಯ ಲಕ್ಕಯ್ಯ ಮಗಳನ್ನು ಚಿಕ್ಕನಾಯಕನಹಳ್ಳಿ ಗುಡ್ಡದ ಆಚೆಯ ಊರಿಗೆ ಕೊಟ್ಟ. ಬೀಗರ ಊಟಕ್ಕೆ ಊರಿಗೆ ಊರೇ ಹೊರಟಿತು. ಲಾರಿ ಮಲ್ಲಿಕಾರ್ಜುನಯ್ಯನವರದು, ಡ್ರೈವರ್ ಮಾಯಣ್ಣ. ಹೋಗುವಾಗ ಕೆಂಪಕ್ಕ ಮೂಸಿದಳು. ಬೀಡಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ. "ನನ್ನೂ ಬುಡಕ್ಕಿಲ್ವಾ ಅಕ್ಕ ನೀನು?" ಎಂದು ಅವನು ನಕ್ಕ. ಅವಳಿಗೆ ಹೆಮ್ಮೆಯಾಯಿತು.

ಅಲ್ಲಿ ಮರಿ ಕಡಿದಿದ್ದರು. ಮುದ್ದೆ, ಸಾರು, ಗಂಡಸರಿಗೆ ಮನೆಯ ಹಿಂದೆ ಬೇರೆ ಏರ್ಪಾಟು. ಬೀಗರ ಕಡೆಯವರು ಡ್ರೈವರನ್ನು ಕೈಹಿಡಿದು ಎಳೆದುಕೊಂಡು ಹೋದರು. ಡ್ರೈವರಿಗೆ ಕುಡಿಸದೆ ಕಳಿಸಿದರೆ ಗಂಡಿನ ಕಡೆಯವರು ಜಿಪುಣರು ಎನ್ನುವ ಮಾತು ಬರುತ್ತದೆ. ಬಿಸಿಲು ವಾಲಿ ಜನ ಲಾರಿಯ ಸುತ್ತ ಸೇರಿದಾಗ ಮಾಯಣ್ಣ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಬಂದ. ನಡಿಗೆ ನೆಟ್ಟಗೇ ಇತ್ತು, ಮಾತೂ ನೆಟ್ಟಗೇ ಇತ್ತು. ಕೆಂಪಕ್ಕ ಮೆಟ್ಟಿಲು ಹತ್ತಿದಳು.

"ಬೆಳಗ್ಗೆ ಮೂಸಿದ್ಯಲ್ಲಕ್ಕ" ಎಂದ ಮಾಯಣ್ಣ, ಮುಖ ಆ ಕಡೆ ತಿರುಗಿಸಿಕೊಂಡು.

"ಈ ಕಡೆ ತಿರುಗ್ಲಾ."

ಅವನು ತಿರುಗಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದ: "ಅಕ್ಕ, ಅವ್ರು ಬುಡ್ಲಿಲ್ಲ. ಒಂದೇ ಲೋಟ. ನಿನ್ನಾಣೆ, ಹುಷಾರಾಗಿ ಇಳಿಸ್ತೀನಿ. ಜನದ ಮುಂದೆ ಹೇಳ್ಬ್ಯಾಡ. ಅಯ್ಯನವ್ರಿಗೆ ಗೊತ್ತಾದ್ರೆ ಲಾರಿ ಬುಡಿಸ್ತಾರೆ. ನಂಗೆ ಬೇರೆ ಕಸುಬು ಗೊತ್ತಿಲ್ಲ."

ಒಂದು ಲೋಟದ್ದಲ್ಲ ಆ ವಾಸನೆ. ಕೆಂಪಕ್ಕ ಮೆಟ್ಟಿಲ ಮೇಲೆ ಹಾಗೇ ನಿಂತಳು. ಕೆಳಗೆ ಹೆಂಗಸರು ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು. ಆಚೆಗೆ ಗುಡ್ಡದ ಇಳಿಜಾರು, ತಿರುವಿನ ಮೇಲೆ ತಿರುವು. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು.

"ಯಾರೂ ಹತ್ತಬ್ಯಾಡ್ರಿ" ಎಂದಳು. "ನನ್ ತಮ್ಮ ಕುಡ್ದವ್ನೆ."

ಲಕ್ಕಯ್ಯನಿಗೆ ಸಿಟ್ಟು ಬಂತು. "ಬೀಗರ ಊರಲ್ಲಿ ನನ್ ಮಾನ ಕಳೀತೀಯಲ್ಲೇ ಕೆಂಪಿ. ಒಂಚೂರು ತಗೊಂಡವ್ನೆ, ಆಕಾಶ ಏನು ಕಳಚಿ ಬೀಳ್ತದಾ?"

"ಬಿದ್ದ ಮ್ಯಾಲೆ ಹೇಳಾಕೆ ನಾನು ಇಲ್ಲಿಗಂಟ ಬರ್ಬೇಕಿತ್ತಾ ಲಕ್ಕಣ್ಣ?"

ಆ ಊರಿನಲ್ಲಿ ಬೇರೆ ಡ್ರೈವರಿರಲಿಲ್ಲ. ಹೆಂಗಸರು ಹತ್ತಲಿಲ್ಲ. ಕೊನೆಗೆ ಮಕ್ಕಳು ಮರಿ ಮುದುಕರು ಎಲ್ಲ ಗುಡ್ಡದ ರಸ್ತೆಯಲ್ಲಿ ನಡೆದೇ ಚಿಕ್ಕನಾಯಕನಹಳ್ಳಿ ತಲುಪಿ, ಬಸ್ಸಿಗೆ ಕಾದು, ನುಗ್ಗಿ, ಊರು ಸೇರಿದರು. ದಾರಿಯುದ್ದಕ್ಕೂ ಬೈಗುಳ. ಒಬ್ಬ ಮುದುಕಿಯಂತೂ ಕಾಲಲ್ಲಿ ಬೊಬ್ಬೆ ಎದ್ದು, "ಇವಳ ಮೂಗಿಗೆ ಬೆಂಕಿ ಹಾಕ" ಎಂದು ಹರಸುತ್ತಲೇ ಬಂದಳು. ಖಾಲಿ ಲಾರಿಯನ್ನು ಮಾಯಣ್ಣ ಮಾರನೆಯ ದಿನ ತಂದ. ಲಾರಿಗೆ ಒಂದು ಗೀರೂ ಆಗಿರಲಿಲ್ಲ. "ನೋಡ್ದಾ, ಏನಾಯ್ತು? ಏನೂ ಆಗ್ಲಿಲ್ಲ" ಎಂದಿತು ಊರು. ಆಗಿದ್ದರೆ ಎದೆ ಬಡಿದುಕೊಂಡು ಅಳುತ್ತಿತ್ತು. ಆಗದೆ ಉಳಿದದ್ದಕ್ಕೆ ಯಾರು ಯಾರಿಗೆ ಕೈ ಮುಗಿಯುತ್ತಾರೆ?

ಮಲ್ಲಿಕಾರ್ಜುನಯ್ಯನವರಿಗೆ ಸುದ್ದಿ ಮುಟ್ಟಿತು. ಒಂದು ಸಲ ಟ್ರ್ಯಾಕ್ಟರಿನಲ್ಲಿ ಸಾವು ಕಂಡವರು, ಅವತ್ತೇ ಮಾಯಣ್ಣನನ್ನು ಬಿಡಿಸಿದರು. ಅವನು ಹೆಂಡತಿಯನ್ನು ಕರೆದುಕೊಂಡು ತಿಪಟೂರಿಗೆ ಹೋದ. ಅಲ್ಲಿ ಕೊಬ್ಬರಿ ಮೂಟೆ ಹೊರುತ್ತಾನೆ ಎಂದು ಯಾರೋ ಹೇಳಿದರು.

ಗೌರಿ ಹಬ್ಬ ಬಂತು. ಕೆಂಪಕ್ಕ ಸಾರಿಸಿ, ರಂಗೋಲಿ ಹಾಕಿ, ಹೋಳಿಗೆಗೆ ಬೇಳೆ ಬೇಯಿಸಿ ಬಾಗಿಲಲ್ಲಿ ಕೂತಳು. ತಿಪಟೂರಿನ ಬಸ್ಸುಗಳೆಲ್ಲ ಬಂದು ಹೋದವು. ಸಂಜೆಗೆ ಗಿಡ್ಡಯ್ಯ ಹಗ್ಗ ಬದಿಗಿಟ್ಟು, ಕುಂಟುತ್ತಾ ಬಂದು ಅವಳ ಪಕ್ಕ ಕೂತ. ಮರುವರ್ಷವೂ ಮಾಯಣ್ಣ ಬರಲಿಲ್ಲ.

ಅದಾದ ಮೇಲಿನ ಬೇಸಿಗೆಯಲ್ಲಿ ಊರಿನ ಒಂದು ಮದುವೆಗೆ ತಿಪಟೂರಿನಿಂದ ಲಾರಿ ಗೊತ್ತು ಮಾಡಿದ್ದರು. ಬೆಳಗಿನ ಹೊತ್ತು. ಲಾರಿ ಬಂದು ನಿಂತಿತು. ಸ್ಟೇರಿಂಗಿನ ಹಿಂದೆ ಮಾಯಣ್ಣ ಕೂತಿದ್ದ. ಕೂದಲು ನೆರೆತಿತ್ತು, ಹೆಗಲು ಇಳಿದಿತ್ತು. ಹೆಂಗಸರು ರೂಢಿಯಂತೆ ಕೆಂಪಕ್ಕನತ್ತ ನೋಡಿದರು.

ಅವಳು ಮೆಟ್ಟಿಲು ಹತ್ತಿದಳು. ಅವಳು ಕೇಳುವ ಮೊದಲೇ ಮಾಯಣ್ಣ ಬಗ್ಗಿ, ಬಾಯಿ ತೆರೆದು, ಉಸಿರು ಬಿಟ್ಟ. ಕಾಫಿಯ ವಾಸನೆ. ಬೇರೇನೂ ಇಲ್ಲ. ಅವಳು ಇನ್ನೊಂದು ಸಲ ಮೂಸಿದಳು. ಇಲ್ಲ.

"ಬುಟ್ಟುಬುಟ್ಟಾ?"

"ಲಾರಿ ಹತ್ತೋ ದಿನ ಮುಟ್ಟಕ್ಕಿಲ್ಲ."

"ಮನೇಗ್ ಬಾ ಮಾಯಣ್ಣ. ರೊಟ್ಟಿ ಹಾಕಿವ್ನಿ. ಒಂದು ತುತ್ತು ತಿಂದು ಹೋಗೀಯಂತೆ. ನಿಮ್ಮ ಭಾವನೂ ನೋಡ್ತಾರೆ."

ಮಾಯಣ್ಣ ಸ್ಟೇರಿಂಗ್ ಹಿಡಿದು ರಸ್ತೆಯ ಕಡೆ ನೋಡಿದ. "ಮೂಸಿದ್ದಾಯ್ತಲ್ಲ ಕೆಂಪಕ್ಕ. ಇಳೀರಿ, ಹೊತ್ತಾಗ್ತದೆ" ಎಂದ. ಹುಟ್ಟಿದಾಗಿನಿಂದ ಅವಳನ್ನು ಬರೀ ಅಕ್ಕ ಎಂದವನು, ಹೋಗು ಬಾ ಎಂದವನು.

ಅವಳು ಇಳಿದು ಹೆಂಗಸರಿಗೆ ತಲೆಯಾಡಿಸಿದಳು. ಒಬ್ಬೊಬ್ಬರಾಗಿ ಹತ್ತಿದರು, ಕೂಸುಗಳನ್ನು ಮೇಲಕ್ಕೆ ಕೊಟ್ಟರು, ಯಾರೋ ಸೋಬಾನೆ ಎತ್ತಿದರು. ಲಾರಿ ನಿಧಾನವಾಗಿ ಏರಿಯ ತಿರುವು ದಾಟಿತು. ಕೆಂಪಕ್ಕ ದಿಬ್ಬಣಕ್ಕೆ ಹೋಗಲಿಲ್ಲ.

ಮನೆಗೆ ಬಂದಾಗ ಗಿಡ್ಡಯ್ಯ ಹೊಸೆಯುತ್ತಿದ್ದ ಹಗ್ಗ ನಿಲ್ಲಿಸಿ ತಲೆಯೆತ್ತಿ, ಎಷ್ಟೋ ವರ್ಷದ ಮೇಲೆ ಬಾಯಿ ಬಿಟ್ಟ. "ಮಾಯಣ್ಣ ಬಂದಿದ್ನಂತೆ. ಏನಂದ?"

ಕೆಂಪಕ್ಕ ಒಲೆಯ ಮೇಲಿದ್ದ ಹೆಂಚನ್ನು ಕೆಳಗಿಳಿಸಿದಳು.

"ಕುಡ್ದಿರ್ಲಿಲ್ಲ" ಎಂದಳು.